ಕಾಲು ಗಂಟೆಗೆ 250 ಪದ

ಲಂಡನ್ನಿನ ಹೊರವಲಯದ ವಾಲ್ಥಮ್ ಕ್ರಾಸ್ ಎಂಬ ಊರಿನ ಒಂದು ಮನೆ. 1860ರ ದಶಕದ ಒಂದು ಚಳಿಗಾಲದ ಬೆಳಗು ಎಂದಿಟ್ಟುಕೊಳ್ಳಿ. ಗಂಟೆ ಐದೂವರೆ. ಹೊರಗೆ ಇನ್ನೂ ಕತ್ತಲು. ಕುದುರೆಗಳನ್ನು ನೋಡಿಕೊಳ್ಳುವ ಮುದಿ ಆಳು ಕಾಫಿ ತಂದು ಯಜಮಾನನನ್ನು ಎಬ್ಬಿಸುತ್ತಾನೆ. ಈ ಒಂದು ಕೆಲಸಕ್ಕೆಂದೇ ಅವನಿಗೆ ವರ್ಷಕ್ಕೆ 5 ಪೌಂಡ್ ಹೆಚ್ಚಿನ ಸಂಬಳ. ಯಜಮಾನ ಎದ್ದು ಮೇಜಿನ ಮುಂದೆ ಕೂರುತ್ತಾನೆ. ಮೊದಲ ಅರ್ಧ ಗಂಟೆ, ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಬರೆಯುವುದು. ಕಾಲು ಗಂಟೆಗೆ 250 ಪದ. ಮತ್ತೆ ಕಾಲು ಗಂಟೆಗೆ 250 ಪದ. ಹೀಗೆ ಎಂಟೂವರೆಯವರೆಗೆ. ಅನಂತರ ಬಟ್ಟೆ ಬದಲಿಸಿ, ತಿಂಡಿ ತಿಂದು, ಅಂಚೆ ಇಲಾಖೆಯ ಕೆಲಸಕ್ಕೆ ಹೊರಡುವುದು.

ಈ ಯಜಮಾನನ ಹೆಸರು ಆಂಥನಿ ಟ್ರೋಲಪ್. 1815ರಲ್ಲಿ ಹುಟ್ಟಿ 1882ರಲ್ಲಿ ತೀರಿಕೊಂಡ ಈ ಇಂಗ್ಲಿಷ್ ಕಾದಂಬರಿಕಾರ ಬರೆದ ಕಾದಂಬರಿಗಳ ಸಂಖ್ಯೆ 47. ಪ್ರವಾಸ ಕಥನ, ಸಣ್ಣ ಕತೆ, ಜೀವನ ಚರಿತ್ರೆಗಳು ಬೇರೆ. ಇವುಗಳಲ್ಲಿ ಹಲವನ್ನು ಬರೆದದ್ದು ಪೂರ್ಣಾವಧಿಯ ಸರಕಾರಿ ನೌಕರಿಯಲ್ಲಿದ್ದಾಗಲೇ. ಬೀದಿ ಬದಿಯಲ್ಲಿ ನಿಲ್ಲುವ ಟಪಾಲು ಡಬ್ಬಿಯ ಪದ್ಧತಿ ಬ್ರಿಟನ್ನಿನ ಅಂಚೆಗೆ ಬಂದದ್ದೂ ಈತನ ಸಲಹೆಯಿಂದ. ಮೊದಲ ನಾಲ್ಕು ಡಬ್ಬಿಗಳನ್ನು 1852ರಲ್ಲಿ ಜರ್ಸಿ ದ್ವೀಪದಲ್ಲಿ ನಿಲ್ಲಿಸಲಾಯಿತು. ನಮ್ಮೂರಿನ ಕೆಂಪು ಡಬ್ಬಿ ಅವುಗಳ ವಂಶದ್ದೇ. ತನ್ನ ಯಶಸ್ಸಿಗೆ ಬೇರೆ ಯಾರಿಗಿಂತ ಹೆಚ್ಚಾಗಿ ಒಂದು ದಿನವೂ ಕಾಫಿ ತಡಮಾಡದ ಆ ಮುದಿ ಆಳಿಗೇ ಋಣಿಯಾಗಿರಬೇಕೇನೋ ಎಂದು ಟ್ರೋಲಪ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ದೊಡ್ಡ ಮನುಷ್ಯರ ಆತ್ಮಕಥೆಗಳಲ್ಲಿ ಇಂಥ ಮಾತು ಅಪರೂಪ.

ಇಷ್ಟು ಕಟ್ಟುನಿಟ್ಟಿನ ಮನುಷ್ಯ ಶಾಲೆಯಲ್ಲಿ ತರಗತಿಗೇ ಮೊದಲಿಗನಾಗಿದ್ದಿರಬೇಕು ಎಂದುಕೊಂಡರೆ ತಪ್ಪಾಗುತ್ತದೆ. ತಂದೆ ವಕೀಲಿಯಲ್ಲಿ ಸೋತವರು, ಬೇಸಾಯಕ್ಕೆ ಕೈಹಾಕಿ ಅದರಲ್ಲೂ ಸೋತವರು. ಶ್ರೀಮಂತರ ಮಕ್ಕಳು ಓದುವ ಹ್ಯಾರೋ ಶಾಲೆಗೆ ಹುಡುಗ ಕೆಸರಿನ ದಾರಿಯಲ್ಲಿ ನಡೆದು ಹೋಗುತ್ತಿದ್ದ. ಕೊಳಕು ಬಟ್ಟೆಯ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವವರಿರಲಿಲ್ಲ. ನಡುವೆ ಕೆಲವು ವರ್ಷ ವಿಂಚೆಸ್ಟರ್ ಶಾಲೆ. ಅಲ್ಲಿ ಶುಲ್ಕ ಕಟ್ಟಲಿಲ್ಲವೆಂಬ ಸಂಗತಿ ಎಲ್ಲ ಹುಡುಗರಿಗೂ ಗೊತ್ತಾಗಿಹೋಯಿತು. ಹನ್ನೆರಡು ವರ್ಷಗಳ ಶಾಲಾಜೀವನದಲ್ಲಿ ಒಂದು ಬಹುಮಾನವೂ ಬರಲಿಲ್ಲ. ಕಲಿಸಿದ್ದು ಲ್ಯಾಟಿನ್ ಮತ್ತು ಗ್ರೀಕ್ ಮಾತ್ರ, ಅದೂ ತಲೆಗೆ ಹತ್ತಲಿಲ್ಲ.

1834ರಲ್ಲಿ ಪರಿಚಯದವರ ಶಿಫಾರಸಿನಿಂದ ಲಂಡನ್ನಿನ ಪ್ರಧಾನ ಅಂಚೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಸಂಬಳ ವರ್ಷಕ್ಕೆ 90 ಪೌಂಡ್. ಸೇರುವ ಮೊದಲು ಪತ್ರಿಕೆಯೊಂದರ ನಾಲ್ಕು ಸಾಲು ನಕಲು ಮಾಡಲು ಹೇಳಿದರು. ಹುಡುಗ ಹಾಳೆಯ ಮೇಲೆ ಶಾಯಿ ಚೆಲ್ಲಿದ, ಕಾಗುಣಿತವನ್ನೂ ತಪ್ಪಿದ. ಲೆಕ್ಕ ಬರುತ್ತದೆಯೇ ಎಂದು ಕೇಳಿದರು. ಸ್ವಲ್ಪ ಬರುತ್ತದೆ ಎಂದ. ನಿಜವಾಗಿ ಅವನಿಗೆ ಮಗ್ಗಿಯೇ ಬರುತ್ತಿರಲಿಲ್ಲ! ನಾಳೆ ಪರೀಕ್ಷೆ ಮಾಡುತ್ತೇವೆ ಎಂದರು. ಅದೃಷ್ಟ, ಆ ಪರೀಕ್ಷೆ ನಡೆಯಲೇ ಇಲ್ಲ. ಮಗ್ಗಿ ಬಾರದ ಈ ಹುಡುಗನೇ ಮುಂದೆ ತನ್ನ ಬದುಕಿನ ಪ್ರತಿಯೊಂದು ಪದವನ್ನೂ ಎಣಿಸಿಟ್ಟ.

ಎಣಿಸುವ ಅಭ್ಯಾಸ ಎಲ್ಲಿಂದ ಬಂತೆಂದು ಖಚಿತವಾಗಿ ಹೇಳುವುದು ಕಷ್ಟ. ಆದರೆ ಬೆಳಗಿನ ಜಾವ ಏಳುವ ಅಭ್ಯಾಸ ಬಂದದ್ದು ಎಲ್ಲಿಂದ ಎಂದು ಊಹಿಸಬಹುದು. ಅವನ ತಾಯಿ ಫ್ರಾನ್ಸಿಸ್ ಟ್ರೋಲಪ್ ಮೊದಲ ಪುಸ್ತಕ ಪ್ರಕಟಿಸಿದ್ದು 1832ರಲ್ಲಿ, ಐವತ್ತು ದಾಟಿದ ಮೇಲೆ. ಅಮೆರಿಕದ ಜನಜೀವನ ಕುರಿತ ಆ ಪುಸ್ತಕ ಹೆಸರು ಮಾಡಿತು. ಎರಡು ವರ್ಷಗಳ ಬಳಿಕ ಸಾಲಗಾರರ ಕಾಟಕ್ಕೆ ಮನೆಮಂದಿ ಬೆಲ್ಜಿಯಮ್ಮಿನ ಬ್ರೂಜ್ ಪಟ್ಟಣಕ್ಕೆ ಓಡಿಹೋಗಬೇಕಾಯಿತು. ಅಲ್ಲಿ ಒಂದು ಕೋಣೆಯಲ್ಲಿ ಕ್ಷಯದಿಂದ ಸಾಯುತ್ತಿದ್ದ ಮಗ, ಇನ್ನೊಂದರಲ್ಲಿ ಕಾಯಿಲೆ ಬಿದ್ದ ಗಂಡ. ಆ ತಾಯಿಯ ಮೇಜಿನ ಮೇಲೆ ಔಷಧದ ಸೀಸೆ, ಶಾಯಿಯ ಸೀಸೆ ಅಕ್ಕಪಕ್ಕ ಇರುತ್ತಿದ್ದವು. ಹಗಲು ರೋಗಿಗಳ ಆರೈಕೆ, ಉಳಿದ ವೇಳೆಯಲ್ಲಿ ಕಾದಂಬರಿ. ಸಂಸಾರದ ಅನ್ನ ಹುಟ್ಟುತ್ತಿದ್ದುದು ಅದರಿಂದಲೇ. ಇತರ ದಿನಗಳಲ್ಲಿಯೂ ಆಕೆ ಬೆಳಗಿನ ನಾಲ್ಕಕ್ಕೆ ಬರೆಯಲು ಕೂತು, ಮಕ್ಕಳು ಏಳುವಷ್ಟರಲ್ಲಿ ಅಂದಿನ ಬರವಣಿಗೆ ಮುಗಿಸುತ್ತಿದ್ದರು. ಬೇಗ ಏಳು ಎಂದು ಮಗನಿಗೆ ಎಷ್ಟು ಸಲ ಹೇಳಿದರೋ ಯಾರಿಗೆ ಗೊತ್ತು. ಏಳುವುದನ್ನಂತೂ ಅವನು ಕಣ್ಣಾರೆ ಕಂಡಿದ್ದ.

ಆದರೂ ಆಂಥನಿ ಮೊದಲ ಕಾದಂಬರಿ ಶುರು ಮಾಡಿದ್ದು 28ನೆಯ ವಯಸ್ಸಿನಲ್ಲಿ, 1843ರಲ್ಲಿ. ಅಷ್ಟರಲ್ಲಿ ಐರ್ಲೆಂಡಿಗೆ ವರ್ಗವಾಗಿತ್ತು. ಲಂಡನ್ನಿನಲ್ಲಿ ಮೇಲಧಿಕಾರಿಗಳಿಂದ ಬೈಸಿಕೊಳ್ಳುತ್ತಿದ್ದ ಸೋಮಾರಿ ಗುಮಾಸ್ತೆ ಅಲ್ಲಿ ಹಳ್ಳಿಹಳ್ಳಿ ತಿರುಗಿ ದುಡಿಯುವ ದಕ್ಷ ಅಧಿಕಾರಿಯಾದ. ಆ ಮೊದಲ ಕಾದಂಬರಿ 1847ರಲ್ಲಿ ಅಚ್ಚಾಯಿತು. ಬಂದ ಹಣ ಸೊನ್ನೆ. ಎರಡನೆಯದು 1848ರಲ್ಲಿ. ಅಚ್ಚು ಹಾಕಿದ್ದು 375 ಪ್ರತಿ, ಮಾರಾಟವಾದದ್ದು 140. ತನಗಾದ ನಷ್ಟ 63 ಪೌಂಡ್ 10 ಷಿಲಿಂಗ್ ಒಂದೂವರೆ ಪೆನ್ನಿ ಎಂದು ಪ್ರಕಾಶಕ ಕಾಗದ ಬರೆದು ತಿಳಿಸಿದ. ಅರ್ಧ ಪೆನ್ನಿಯನ್ನೂ ಬಿಟ್ಟಿರಲಿಲ್ಲ! ಮೂರನೆಯದಕ್ಕೆ ಮುಂಗಡವಾಗಿ 20 ಪೌಂಡ್ ಸಿಕ್ಕಿತು. ಅದನ್ನು ದುಡಿದ ಹಣವೆಂದು ಟ್ರೋಲಪ್ ಒಪ್ಪುವುದಿಲ್ಲ, ಏಕೆಂದರೆ ಆ ಪುಸ್ತಕವೂ ಓಡಲಿಲ್ಲ. ನಾಲ್ಕನೆಯದು 'ದಿ ವಾರ್ಡನ್', 1855. ಆ ವರ್ಷದ ಕೊನೆಗೆ ಅದರಿಂದ ಬಂದ ಚೆಕ್ಕಿನ ಮೊತ್ತ 9 ಪೌಂಡ್ 8 ಷಿಲಿಂಗ್ 8 ಪೆನ್ಸ್. ಹನ್ನೆರಡು ವರ್ಷಗಳ ಬರವಣಿಗೆಗೆ ಬಂದ ಮೊದಲ ನಿಜವಾದ ಸಂಪಾದನೆ ಇದು. ರಸ್ತೆ ಬದಿ ಜಲ್ಲಿ ಒಡೆದಿದ್ದರೆ ಇದಕ್ಕಿಂತ ಹೆಚ್ಚು ಸಿಗುತ್ತಿತ್ತು ಎಂದು ಅವನೇ ನಕ್ಕಿದ್ದಾನೆ.

ಇಂಥ ಸ್ಥಿತಿಯಲ್ಲಿರುವ ಲೇಖಕ ಹೊಸ ವರ್ಷಕ್ಕೆ ಯಾವ ಗುರಿ ಇಟ್ಟುಕೊಳ್ಳಬೇಕು? ಈ ವರ್ಷ ಹೆಸರು ಮಾಡುತ್ತೇನೆ, ಸಾವಿರ ಪ್ರತಿ ಮಾರುತ್ತೇನೆ ಎಂದು ಬರೆದಿಟ್ಟರೆ ಅದು ಅವನ ಕೈಯಲ್ಲಿರುವ ಮಾತಲ್ಲ. ಪ್ರಕಾಶಕ, ವಿಮರ್ಶಕ, ಓದುಗ, ಎಲ್ಲರೂ ಕೂಡಿ ಬರಬೇಕು. ಟ್ರೋಲಪ್ ತನ್ನ ಕೈಯಲ್ಲಿರುವುದನ್ನು ಮಾತ್ರ ಗುರಿಯಾಗಿ ಇಟ್ಟುಕೊಂಡ. ಅದು ಪುಟ.

ಹೊಸ ಪುಸ್ತಕ ಆರಂಭಿಸುವಾಗ ಅದಕ್ಕೆ ಎಷ್ಟು ವಾರ ಬೇಕೆಂದು ನಿಶ್ಚಯಿಸಿ, ಅಷ್ಟು ವಾರಗಳಿಗೂ ಗೆರೆ ಎಳೆದು ಕೋಷ್ಟಕ ಮಾಡಿಕೊಳ್ಳುತ್ತಿದ್ದ. ಪ್ರತಿದಿನ ಎಷ್ಟು ಪುಟ ಬರೆದನೋ ಅಷ್ಟನ್ನು ಆ ದಿನದ ಮನೆಯಲ್ಲಿ ತುಂಬುವುದು. ಬರೆಯದ ದಿನ ಖಾಲಿ. ಆ ಖಾಲಿ ಮನೆ ಮುಖಕ್ಕೆ ರಾಚುತ್ತಿತ್ತು; ಮುಂದಿನ ದಿನಗಳಲ್ಲಿ ಹೆಚ್ಚು ಬರೆದು ಕೊರತೆ ತುಂಬಿಸಬೇಕಿತ್ತು. ಇಷ್ಟೇ ಆಗಿದ್ದರೆ ದೊಡ್ಡ ವಿಷಯವೇನಲ್ಲ. ಆದರೆ ಪುಟ ಎಂಬುದು ಸರಿಯಾದ ಏಕಮಾನವೇ? ದಪ್ಪ ಅಕ್ಷರದಲ್ಲಿ ಬರೆದರೆ ನೂರು ಪದಕ್ಕೇ ಪುಟ ತುಂಬುತ್ತದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಹಾಳೆ ಕೇಳಿ ಪಡೆಯುವ ವಿದ್ಯಾರ್ಥಿಗಳಿಗೆ ಈ ಗುಟ್ಟು ಚೆನ್ನಾಗಿ ಗೊತ್ತು! ಗೇಣು ಒಬ್ಬೊಬ್ಬರ ಕೈಗೆ ಒಂದೊಂದು ಉದ್ದ ಬರುವುದರಿಂದಲೇ ಅಳತೆಪಟ್ಟಿ ಬೇಕಾಯಿತಲ್ಲವೇ? ಹಾಗೆಯೇ ಟ್ರೋಲಪ್ ತನ್ನ ಪುಟಕ್ಕೆ 250 ಪದ ಎಂದು ನಿಗದಿ ಮಾಡಿದ. ಲೆಕ್ಕ ಇಡದಿದ್ದರೆ ಪದಗಳು ಜಾರಿಕೊಳ್ಳುತ್ತವೆ ಎಂದು ಬರೆಯುತ್ತಲೇ ಪ್ರತಿ ಪದ ಎಣಿಸಿದ. ತನ್ನನ್ನು ತಾನೇ ವಂಚಿಸಿಕೊಳ್ಳುವ ದಾರಿಯನ್ನು ಮುಚ್ಚಿಕೊಂಡ ಎನ್ನಬೇಕು.

ಸ್ವಾರಸ್ಯ ಇರುವುದು ಮುಂದಿನ ಲೆಕ್ಕದಲ್ಲಿ. ಬೆಳಗಿನ ಮೂರು ಗಂಟೆಯಲ್ಲಿ ಓದಿಗೆ ಅರ್ಧ ಗಂಟೆ ಕಳೆದರೆ ಎರಡೂವರೆ ಗಂಟೆ ಉಳಿಯುತ್ತದೆ. ಎಂದರೆ ಹತ್ತು ಕಾಲುಗಂಟೆಗಳು. ಒಂದೊಂದರಲ್ಲಿ ಒಂದು ಪುಟದಂತೆ ದಿನಕ್ಕೆ 10 ಪುಟ, ವಾರಕ್ಕೆ 70. ಆದರೆ ಅವನು ಸರಾಸರಿಯಾಗಿ ಇಟ್ಟುಕೊಂಡ ಗುರಿ ವಾರಕ್ಕೆ 40 ಪುಟ ಮಾತ್ರ! ಕೆಲವೊಮ್ಮೆ ಅದು 20ಕ್ಕೆ ಇಳಿದಿದೆ. ಒಮ್ಮೆ 112ಕ್ಕೆ ಏರಿದೆ. ಗುರಿ ಸಾಮರ್ಥ್ಯದ ಅಂಚಿನಲ್ಲಿ ಇರಲಿಲ್ಲ. ಇಲಾಖೆಯ ಪ್ರಯಾಣ, ಜ್ವರ, ನೆಂಟರು, ಅವನಿಗೆ ಬಹಳ ಪ್ರಿಯವಾಗಿದ್ದ ನರಿ ಬೇಟೆ ಎಲ್ಲಕ್ಕೂ ಅದರಲ್ಲಿ ಜಾಗವಿತ್ತು. ಸೇತುವೆ ಕಟ್ಟುವ ಎಂಜಿನಿಯರು ಕಬ್ಬಿಣ ತಡೆಯುವಷ್ಟೂ ಭಾರವನ್ನು ಅದರ ಮೇಲೆ ಹೇರುವುದಿಲ್ಲ. ನಮ್ಮ ಮನೆಗಳಲ್ಲಿ ಜೂನ್ ತಿಂಗಳಲ್ಲಿ ಗೋಡೆಗೆ ಅಂಟಿಸುವ ವೇಳಾಪಟ್ಟಿಗಳು ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ. ನಾಲ್ಕೂವರೆಗೆ ಏಳುವುದು, ಐದಕ್ಕೆ ಗಣಿತ, ಆರಕ್ಕೆ ವಿಜ್ಞಾನ, ಒಂದು ನಿಮಿಷವೂ ಬಿಡುವಿಲ್ಲ. ಅವು ಆಗಸ್ಟಿಗೆ ಮುನ್ನವೇ ಹಳದಿಯಾಗುವುದು ಕಾಗದದ ದೋಷದಿಂದಲ್ಲ. ಅಲ್ಲದೆ ಅವುಗಳಲ್ಲಿ ಮಾಡಬೇಕಾದದ್ದು ಮಾತ್ರ ಇರುತ್ತದೆ, ಮಾಡಿದ್ದನ್ನು ಬರೆಯಲು ಜಾಗ ಇರುವುದಿಲ್ಲ. ಅನೇಕ ಸಲ ಬರೆದ ಕೈ ಅಪ್ಪನದೋ ಅಮ್ಮನದೋ ಆಗಿರುತ್ತದೆ. ಟ್ರೋಲಪ್‌ನ ಕೋಷ್ಟಕವನ್ನು ಹಾಕಿದವನೂ, ತುಂಬಿದವನೂ, ನೋಡಿ ನಾಚಿದವನೂ ಒಬ್ಬನೇ.

ಇಷ್ಟೆಲ್ಲ ಲೆಕ್ಕ ಹಾಕಿದರೆ ಒಳ್ಳೆಯ ಕಾದಂಬರಿ ಹುಟ್ಟುತ್ತದೆಯೇ? ಟ್ರೋಲಪ್‌ನ ಬದುಕಿನಲ್ಲಿಯೇ ಇದಕ್ಕೆ ಉತ್ತರ ಕೊಡುವ ಒಂದು ಪ್ರಸಂಗವಿದೆ.

1858ರ ಆರಂಭದಲ್ಲಿ ಇಲಾಖೆ ಅವನನ್ನು ಈಜಿಪ್ಟಿಗೆ ಕಳುಹಿಸಿತು. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅದಕ್ಕೆ ಮುಂಚೆ ಇಂಗ್ಲೆಂಡಿನಿಂದ ಭಾರತಕ್ಕೆ ಬರುವ ಟಪಾಲು ಅಲೆಕ್ಸಾಂಡ್ರಿಯದಲ್ಲಿ ಹಡಗಿನಿಂದ ಇಳಿದು, ನೆಲದ ಮೇಲೆ ಈಜಿಪ್ಟನ್ನು ದಾಟಿ, ಸೂಯೆಜ್‌ನಲ್ಲಿ ಮತ್ತೆ ಹಡಗು ಹತ್ತಬೇಕಾಗಿತ್ತು. ಇದನ್ನು ರೈಲಿನಲ್ಲಿ ಸಾಗಿಸುವ ಒಪ್ಪಂದ ಮಾಡಿಕೊಂಡು ಬರುವುದೇ ಅವನ ಕೆಲಸ. ಅಲ್ಲಿನ ಅಧಿಕಾರಿ ನುಬರ್ ಬೇ 48 ಗಂಟೆ ಬೇಕೆಂದರು. 24 ಗಂಟೆಯಲ್ಲಿ ಆಗಬೇಕೆಂದು ಟ್ರೋಲಪ್ ಪಟ್ಟು ಹಿಡಿದ, ಗೆದ್ದ. ಕಾಲು ಗಂಟೆಗೂ ಲೆಕ್ಕ ಇಡುವವನ ಜೊತೆ ಗಂಟೆಗಳ ಚೌಕಾಸಿ ನಡೆಯುವುದುಂಟೇ!

ಆ ವೇಳೆಗೆ ಅವನು 'ಡಾಕ್ಟರ್ ಥಾರ್ನ್' ಎಂಬ ಕಾದಂಬರಿ ಬರೆಯುತ್ತಿದ್ದ. ಪ್ರಕಾಶಕರು 400 ಪೌಂಡಿಗೆ ಒಪ್ಪಿಕೊಂಡಿದ್ದರು. ಮಾರ್ಸೇಲ್ಸ್‌ನಿಂದ ಅಲೆಕ್ಸಾಂಡ್ರಿಯಕ್ಕೆ ಹೋಗುವಾಗ ಫೆಬ್ರವರಿಯ ಸಮುದ್ರ ಪ್ರಕ್ಷುಬ್ಧವಾಗಿತ್ತು. ಹಡಗಿನ ಮೇಜಿನ ಮೇಲೆ ಕಾಗದ ಬಿಟ್ಟು ಓಡಿಹೋಗಿ ವಾಂತಿ ಮಾಡಿ ಬಂದು ಮತ್ತೆ ಬರೆದ. ಈಜಿಪ್ಟಿನಲ್ಲಿ ಒಂದು ದಿನ ಆ ಕಾದಂಬರಿ ಮುಗಿಯಿತು. ಮಾರನೆಯ ದಿನವೇ 'ದಿ ಬರ್ಟ್ರಮ್ಸ್' ಎಂಬ ಮುಂದಿನ ಕಾದಂಬರಿ ಆರಂಭ! ಅದನ್ನು ಈಜಿಪ್ಟ್, ಮಾಲ್ಟಾ, ಜಿಬ್ರಾಲ್ಟರ್, ಗ್ಲಾಸ್ಗೋ ಎಂದು ಊರೂರು ತಿರುಗುತ್ತ ಬರೆದು, ಕೊನೆಗೆ ಜಮೈಕಾದಲ್ಲಿ ಮುಗಿಸಿದ.

ಇಲ್ಲಿ ಬರೆದವನು ಒಬ್ಬನೇ, ಕೋಷ್ಟಕದ ಪದ್ಧತಿ ಒಂದೇ, ನಡುವೆ ಒಂದು ದಿನದ ಅಂತರವೂ ಇಲ್ಲ. ಫಲಿತಾಂಶ? 'ಡಾಕ್ಟರ್ ಥಾರ್ನ್' ಮಾರಾಟದ ದೃಷ್ಟಿಯಿಂದ ಅವನ ಎಲ್ಲ ಪುಸ್ತಕಗಳಿಗಿಂತ ಜನಪ್ರಿಯವಾಯಿತೆಂದು ಅವನೇ ನಂಬಿದ್ದ. ಇಂದಿಗೂ ಅದನ್ನು ಓದುವವರಿದ್ದಾರೆ. 'ದಿ ಬರ್ಟ್ರಮ್ಸ್' ಬಗ್ಗೆ ಮಾತ್ರ ಗೆಳೆಯರು ಕೂಡ ಒಂದು ಒಳ್ಳೆಯ ಮಾತಾಡಿದ್ದನ್ನು ಕೇಳಿಲ್ಲ ಎಂದು ಅವನೇ ಒಪ್ಪಿಕೊಂಡಿದ್ದಾನೆ. ಮೊದಲನೆಯದರ ಕಥಾವಸ್ತುವನ್ನು ಅವನಿಗೆ ಕೊಟ್ಟವನು ಇಟಲಿಯಲ್ಲಿದ್ದ ಅಣ್ಣ. ವ್ಯತ್ಯಾಸಕ್ಕೆ ಅದೊಂದು ಕಾರಣ ಇರಬಹುದು. ಏನೇ ಇರಲಿ, ಗಡಿಯಾರಕ್ಕೂ ಗುಣಕ್ಕೂ ನೇರ ಸಂಬಂಧವಿಲ್ಲ ಎಂಬುದು ಇದರಿಂದ ಸ್ಪಷ್ಟ. ಕೋಷ್ಟಕ ಪುಸ್ತಕವನ್ನು ಮುಗಿಸುತ್ತದೆ. ಮುಗಿದದ್ದು ಚಿನ್ನವೋ ಹಿತ್ತಾಳೆಯೋ ಅದಕ್ಕೆ ತಿಳಿಯದು. ಕೋಷ್ಟಕ ಇಲ್ಲದಿದ್ದರೆ 'ಡಾಕ್ಟರ್ ಥಾರ್ನ್' ಆ ಹಡಗಿನ ವಾಂತಿಯ ನಡುವೆ ನಿಂತುಹೋಗುತ್ತಿತ್ತೋ ಏನೋ, ಅದೂ ನಿಜ.

ಬರೆಯುವ ಗುರಿ ಹೀಗೆ ಕೈಗೆ ಸಿಕ್ಕಿತು. ಪ್ರಕಟಿಸುವ ಗುರಿ ಅಷ್ಟು ಸುಲಭವಾಗಿರಲಿಲ್ಲ. ದಿನಕ್ಕೆ 10 ಪುಟದಂತೆ ಹತ್ತು ತಿಂಗಳು ಬರೆದರೆ ಮೂರು ಮೂರು ಸಂಪುಟಗಳ ಮೂರು ಕಾದಂಬರಿಗಳಾಗುತ್ತವೆ. ವರ್ಷಕ್ಕೆ ಒಬ್ಬನೇ ಲೇಖಕನಿಂದ ಅಷ್ಟನ್ನು ಕೊಳ್ಳಲು ಯಾವ ಪ್ರಕಾಶಕನೂ ಮುಂದೆ ಬರಲಾರ. ಟ್ರೋಲಪ್‌ನ ಪುಸ್ತಕಗಳು ಒಂದರ ಕಾಲನ್ನು ಒಂದು ತುಳಿಯತೊಡಗಿದವು. ಆಗ ಅವನಿಗೆ ಒಂದು ಸಂಶಯ ಬಂತು. ಜನ ಕೊಳ್ಳುತ್ತಿರುವುದು ಬರವಣಿಗೆಯನ್ನೋ ಅಥವಾ ಹೆಸರನ್ನೋ? ಪ್ರಯೋಗ ಮಾಡಿಯೇ ನೋಡಿದ. ಪ್ರಾಗ್ ನಗರದ ಕತೆಯಾದ 'ನೀನಾ ಬಲಾಟ್ಕಾ' 1866ರಲ್ಲಿ ಬ್ಲ್ಯಾಕ್‌ವುಡ್ ಪತ್ರಿಕೆಯಲ್ಲಿ ಲೇಖಕರ ಹೆಸರಿಲ್ಲದೆ ಧಾರಾವಾಹಿಯಾಗಿ ಬಂತು. ಹಿಂದೆಯೇ 'ಲಿಂಡಾ ಟ್ರೆಸೆಲ್'. ಸ್ಪೆಕ್ಟೇಟರ್ ಪತ್ರಿಕೆಯ ಹಟನ್ ಎಂಬ ವಿಮರ್ಶಕ, ಮತ್ತೆ ಮತ್ತೆ ಬರುವ ಒಂದು ನುಡಿಗಟ್ಟನ್ನು ಹಿಡಿದು ಇದು ಟ್ರೋಲಪ್‌ನದೇ ಎಂದು ಪತ್ತೆ ಮಾಡಿಬಿಟ್ಟ! ಸಾಮಾನ್ಯ ಓದುಗರಿಗೆ ಅದು ತಿಳಿಯಲಿಲ್ಲ, ಪುಸ್ತಕ ಓಡಲೂ ಇಲ್ಲ. ಹೆಸರಿಲ್ಲದ ಮೂರನೆಯ ಕಾದಂಬರಿ ಬೇಡವೆಂದು ಬ್ಲ್ಯಾಕ್‌ವುಡ್ ಕೈಮುಗಿದರು. ಇನ್ನೂ ಹತ್ತು ವರ್ಷ ಹಣವಿಲ್ಲದೆ ದುಡಿದಿದ್ದರೆ ಎರಡನೆಯ ಹೆಸರೊಂದನ್ನು ಸಂಪಾದಿಸಬಹುದಿತ್ತು ಎಂಬುದು ಟ್ರೋಲಪ್‌ನ ತೀರ್ಮಾನ. ಮೊದಲ ಹೆಸರಿಗೂ ಹೆಚ್ಚುಕಡಿಮೆ ಅಷ್ಟೇ ಕಾಲ ಹಿಡಿದಿತ್ತೆಂಬುದನ್ನು ಅವನು ಮರೆತಿರಲಿಲ್ಲ.

1867ರಲ್ಲಿ ಅಂಚೆ ಇಲಾಖೆಯ ಕೆಲಸ ಬಿಟ್ಟ. ಇಡೀ ದಿನ ಕೈಯಲ್ಲಿದ್ದರೂ ಮೂರು ಗಂಟೆಗಿಂತ ಹೆಚ್ಚು ಬರೆಯುವುದು ಸಲ್ಲದೆಂಬುದೇ ಅವನ ಅಭಿಪ್ರಾಯ. 1871ರಲ್ಲಿ ಹೆಂಡತಿಯೊಡನೆ ಮಗನನ್ನು ನೋಡಲು ಆಸ್ಟ್ರೇಲಿಯಕ್ಕೆ ಹೊರಟಾಗ ಹಡಗಿನಲ್ಲಿ ತನಗೊಂದು ಮೇಜು ಮಾಡಿಸಿಕೊಂಡ. ಲಿವರ್‌ಪೂಲಿನಿಂದ ಮೆಲ್ಬರ್ನ್‌ಗೆ ಎಂಟು ವಾರ. ವಾರಕ್ಕೆ 66 ಪುಟ, ಪುಟಕ್ಕೆ 250 ಪದ. ಗುಣಿಸಿ ನೋಡಿ, 1,32,000 ಪದ. ದಡ ಮುಟ್ಟುವಷ್ಟರಲ್ಲಿ 'ಲೇಡಿ ಆನಾ' ಎಂಬ ಕಾದಂಬರಿ ಸಿದ್ಧ. ಊರಿನಲ್ಲಿ ಪೆಟ್ಟಿಗೆಯೊಳಗೆ ಬೇರೆ ಹಸ್ತಪ್ರತಿಗಳನ್ನೂ ಬಿಟ್ಟು ಬಂದಿದ್ದ. ಹಡಗು ಮುಳುಗಿದ್ದರೂ ಅವನ ಹೊಸ ಕಾದಂಬರಿಗಳು ಬರುತ್ತಲೇ ಇರುತ್ತಿದ್ದವು.

ಈ ಲೆಕ್ಕಗಳೆಲ್ಲ ಹೊರಜಗತ್ತಿಗೆ ತಿಳಿದದ್ದು ಅವನು ತೀರಿಕೊಂಡ ಮರುವರ್ಷ, 1883ರಲ್ಲಿ, ಮಗ ಹೆನ್ರಿ ಆತ್ಮಕಥೆಯನ್ನು ಪ್ರಕಟಿಸಿದಾಗ. ಪ್ರತಿಯೊಂದು ಪುಸ್ತಕಕ್ಕೆ ಬಂದ ಹಣದ ಪಟ್ಟಿಯೂ ಅದರಲ್ಲಿದೆ. ಒಟ್ಟು 68,939 ಪೌಂಡ್ 17 ಷಿಲಿಂಗ್ 5 ಪೆನ್ಸ್. ಕಾದಂಬರಿಕಾರನನ್ನು ಚಪ್ಪಲಿ ಹೊಲಿಯುವವನಿಗೆ ಹೋಲಿಸಿ, ಅವನಂತೆಯೇ ನಾವೂ ಕೂತು ದುಡಿಯಬೇಕು ಎಂದಿದ್ದ. ಸ್ಫೂರ್ತಿ ಆಕಾಶದಿಂದ ಇಳಿಯಬೇಕೆಂದು ನಂಬಿದ್ದವರಿಗೆ ಇದು ರುಚಿಸಲಿಲ್ಲ. ಗಡಿಯಾರ ನೋಡಿ ಬರೆದದ್ದು ಸಾಹಿತ್ಯವಾಗುವುದು ಹೇಗೆ ಎಂದು ಮೂಗು ಮುರಿದರು. ಆತ್ಮಕಥೆಯಿಂದಲೇ ಅವನ ಹೆಸರು ಕೆಟ್ಟಿತು ಎಂಬ ಮಾತು ಬಹಳ ಕಾಲ ಚಾಲ್ತಿಯಲ್ಲಿತ್ತು. ಕೊನೆಯ ವರ್ಷಗಳಲ್ಲಿಯೇ ಪ್ರಕಾಶಕರು ಅವನಿಗೆ ಕೊಡುವ ಹಣ ಇಳಿಯತೊಡಗಿತ್ತು ಎಂಬುದನ್ನೂ ನೆನಪಿಡಬೇಕು. ಅಗತ್ಯಕ್ಕಿಂತ ಹೆಚ್ಚು ಬರೆದನೆಂಬ ಆಕ್ಷೇಪವನ್ನು ಪೂರಾ ತಳ್ಳಿಹಾಕುವಂತಿಲ್ಲ. ಆದರೆ ಅವನ ಒಳ್ಳೆಯ ಕಾದಂಬರಿಗಳು ಆ ಆಕ್ಷೇಪವನ್ನು ದಾಟಿ ಉಳಿದುಕೊಂಡಿವೆ.

ಟ್ರೋಲಪ್ ಇನ್ನೊಂದು ಬಗೆಯ ದಿನಚರಿಯನ್ನೂ ಇಟ್ಟಿದ್ದ. ಹದಿನೈದನೆಯ ವಯಸ್ಸಿನಿಂದ ಹತ್ತು ವರ್ಷ, ಮನಸ್ಸಿನಲ್ಲಿದ್ದುದನ್ನೆಲ್ಲ ಬರೆದಿಟ್ಟ ಪುಸ್ತಕಗಳವು. 1870ರಲ್ಲಿ ಅವನ್ನು ತೆರೆದು ಓದಿ, ನಾಚಿ, ನಾಶ ಮಾಡಿದ. ಅಂಕಿಗಳ ಕೋಷ್ಟಕಗಳು ಮಾತ್ರ ಉಳಿದವು. ಅವು ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿವೆ.

1882ರಲ್ಲಿ ಐರ್ಲೆಂಡಿನ ರೈತ ಚಳವಳಿ ಕುರಿತ 'ದಿ ಲ್ಯಾಂಡ್‌ಲೀಗರ್ಸ್' ಎಂಬ ಕಾದಂಬರಿಗೆ ಕೈಹಾಕಿದ. ಒಟ್ಟು 60 ಅಧ್ಯಾಯಗಳೆಂದು ನಿಶ್ಚಯಿಸಿದ್ದ. ಬರೆಯುತ್ತಿರುವಾಗಲೇ ನವೆಂಬರಿನಲ್ಲಿ ಪಾರ್ಶ್ವವಾಯು ಬಡಿಯಿತು, ಡಿಸೆಂಬರ್ 6ರಂದು ತೀರಿಕೊಂಡ. ಕಾದಂಬರಿಯನ್ನು ಮಗ ಹಾಗೆಯೇ ಅಚ್ಚು ಹಾಕಿಸಿ, ತಂದೆ 60 ಅಧ್ಯಾಯ ಬರೆಯಬೇಕೆಂದಿದ್ದರು ಎಂದು ಟಿಪ್ಪಣಿ ಸೇರಿಸಿದ. ಅದು 49ನೆಯ ಅಧ್ಯಾಯದ ನಡುವೆ ನಿಂತಿದೆ.